ಡೀನ್ ಎಂಬ ಹತ್ತರ ಲೆಕ್ಕ

ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಯ ಬಸ್ಸಿನ ಕಿಟಕಿಯಿಂದ ಕಂಡ ಫ್ಲೆಕ್ಸ್‌ನಲ್ಲಿ ‘ನೂತನ ದೀನರಿಗೆ ಅಭಿನಂದನೆಗಳು’ ಎಂದಿತ್ತು. ಡೀನರು ‘ದೀನ’ರಾದದ್ದು ಅಚ್ಚಿನ ತಪ್ಪು, ನಕ್ಕು ಬಿಡಬಹುದು. ಬಿಡಲಾಗದ್ದು ಅದರ ಕೆಳಗಿನ ಸಾಲು: ‘ನಿಕಾಯದ (ಅಂದರೆ ಫ್ಯಾಕಲ್ಟಿಯ) ಅಧಿಪತಿ’. ಇಂಥದ್ದು ಈ ತಿಂಗಳಲ್ಲಿ ಮೂರನೆಯದು. ಡೀನ್ ಅಂದರೆ ಪ್ರಾಂಶುಪಾಲರಿಗಿಂತ ದೊಡ್ಡ ಸಾಹೇಬರು ಎಂದು ಯಾರು ಹೇಳಿಕೊಟ್ಟದ್ದು ಮಾರಾಯ್ರೆ!

ಪದದೊಳಗೆ ಇರುವುದು ಬರೀ ಹತ್ತು. ಲ್ಯಾಟಿನ್ನಿನ ‘ಡೆಕೆಮ್’ ಅಂದರೆ ಹತ್ತು, ನಮ್ಮ ‘ದಶ’ದ ದೂರದ ನೆಂಟ. ‘ಡೆಕಾನುಸ್’ ಅಂದರೆ ಹತ್ತು ಮಂದಿಯನ್ನು ನೋಡಿಕೊಳ್ಳುವವ. ರೋಮನ್ ಸೇನೆಯಲ್ಲಿ ಅವನು ಒಂದು ಡೇರೆಯ ಹಿರಿಯ. ಮಲಗುವುದೂ ಅದೇ ಡೇರೆಯಲ್ಲಿ. ಅಲ್ಲಿಂದ ಪದ ಕ್ರೈಸ್ತ ಮಠಗಳಿಗೆ ಬಂತು. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿಯ 21ನೇ ಅಧ್ಯಾಯ ಪೂರ್ತಿ ಡೀನರದ್ದೇ. ಅದು ಹೇಳುವುದಿಷ್ಟು: ಮಠದ ಹಿರಿಯರು ತಮ್ಮ ಹೊರೆಯನ್ನು ನಂಬಿ ಹಂಚಬಹುದಾದಂಥವರು ಬೇಕು. ಸರದಿ ನೋಡಿ ಆರಿಸಬಾರದು, ನಡತೆ ಮತ್ತು ವಿವೇಕ ನೋಡಿ ಆರಿಸಬೇಕು. ಅಹಂಕಾರ ತಲೆಗೇರಿದರೆ ಮೂರು ಸಲ ತಿದ್ದಬೇಕು, ಆಗಲೂ ಬಗ್ಗದಿದ್ದರೆ ಇಳಿಸಬೇಕು. ಸೇವಾ ಹಿರಿತನದ ಪಟ್ಟಿಯಲ್ಲಿ ತಮ್ಮ ಹೆಸರು ಎಷ್ಟನೆಯದು ಎಂದು ಬೆರಳೆಣಿಸುವ ಪ್ರೊಫೆಸರರಿಗೆ ಯಾರಾದರೂ ಇದನ್ನು ಓದಿ ಹೇಳಬೇಕು.

ಹಳೆಯ ಅರ್ಥ ಸತ್ತಿಲ್ಲ. ಕೆಥೊಲಿಕರಲ್ಲಿ ಕೆಲವು ಚರ್ಚುಗಳು ಸೇರಿದರೆ ಒಂದು ಡೀನರಿ. ಡೀನ್ ಆದ ಗುರುಗಳಿಗೂ ತಮ್ಮದೇ ಚರ್ಚು, ತಮ್ಮದೇ ಬೆಳಗಿನ ಬಲಿಪೂಜೆ ತಪ್ಪಿದ್ದಲ್ಲ.

ಗೊಂದಲ ಹುಟ್ಟಿದ್ದು ಬಹುಶಃ ಮೆಡಿಕಲ್ ಕಾಲೇಜುಗಳಿಂದ. ಅಲ್ಲಿ ಹಲವೆಡೆ ಕಾಲೇಜಿನ ಮುಖ್ಯಸ್ಥರೇ ಡೀನ್. ಮಣಿಪಾಲದಲ್ಲಿ ಕೇಳಿದ್ದನ್ನು ಹಾಗೇ ಕೊಣಾಜೆಗೆ ತಂದರೆ ಲೆಕ್ಕ ತಪ್ಪುತ್ತದೆ. ವಿಶ್ವವಿದ್ಯಾನಿಲಯದ ಡೀನ್ ಕಲೆ, ವಿಜ್ಞಾನ, ವಾಣಿಜ್ಯದಂಥ ಒಂದು ನಿಕಾಯದ ಹಿರಿಯರು, ಪಾಠವನ್ನೂ ಮಾಡುವವರು. ಕುಲಪತಿಯಂತೂ ಬೇರೆಯೇ ಹುದ್ದೆ.

‘ಡೀನರ ನಾಯಕತ್ವ’ ಎಂದು ಭಾಷಣ ಬಿಗಿಯುವವರು 2021ರಿಂದ ಈಚಿನದನ್ನು ನೆನಪಿಸಿಕೊಳ್ಳಲಿ. ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಪಠ್ಯಕ್ರಮ ಎರಡೆರಡು ಸಲ ಕಲಸಿಹೋಯಿತು. ತಮ್ಮ ವಿಷಯದ ಗಂಟೆ ಕಡಿಮೆಯಾಯಿತೆಂದು ಮುಖ ಊದಿಸಿಕೊಂಡವರು ಸುತ್ತೋಲೆಗೆ ಬಗ್ಗುವವರೇ? ನನಗೆ ಪರಿಚಯದ ಡೀನ್ ಒಬ್ಬರು ಜಗಳದ ಎರಡೂ ವಿಭಾಗದವರನ್ನು ಕ್ಯಾಂಟೀನಿಗೆ ಕರೆದು ಗೋಳಿಬಜೆ ತರಿಸುತ್ತಿದ್ದರು. ಯಾರಿಗೂ ಬೇಡದ ಶನಿವಾರದ ಕೊನೆಯ ಗಂಟೆಯನ್ನು ಮೊದಲು ತಮ್ಮ ಹೆಸರಿಗೆ ಬರೆದುಕೊಂಡು, ಆಮೇಲೆ ಟೈಂಟೇಬಲ್ ಹಾಳೆಯನ್ನು ಮೇಜಿನ ನಡುವಿಗೆ ತಳ್ಳುತ್ತಿದ್ದರು.