ಟ್ರೋಕನ್ ರೀಸ್ಲಿಂಗ್ ಯಾವ ಊಟಕ್ಕೆ ಹೊಂದುತ್ತದೆ?

ಓದುಗರ ಪ್ರಶ್ನೆ: ಜರ್ಮನ್ ವೈನ್ ಅಂದರೆ ಸಿಹಿ ಅಂತ ಕೇಳಿದ್ದೆ. ಫ್ರಾಂಕ್‌ಫರ್ಟ್‌ಗೆ ಬಂದ ಮೇಲೆ ನೋಡಿದರೆ ಎಷ್ಟೋ ರೀಸ್ಲಿಂಗ್ ಬಾಟಲಿಗಳ ಮೇಲೆ ‘ಟ್ರೋಕನ್’ ಅಂತ ಬರೆದಿದೆ. ಇದರಲ್ಲಿ ಸಿಹಿಯೇ ಇರುವುದಿಲ್ಲವಾ? ಯಾವ ಊಟದ ಜೊತೆ ಚೆನ್ನಾಗಿರುತ್ತದೆ?

ಉತ್ತರ: ರೀಸ್ಲಿಂಗ್ ಒಂದು ಬಿಳಿ ದ್ರಾಕ್ಷಿ ತಳಿ, ಅದರ ವೈನಿಗೂ ಅದೇ ಹೆಸರು. ಟ್ರೋಕನ್ ಅಂದರೆ ಜರ್ಮನ್‌ನಲ್ಲಿ ‘ಒಣ’, ಅಂದರೆ ಸಿಹಿಯಲ್ಲದ ವೈನ್. ಸಕ್ಕರೆ ಸ್ವಲ್ಪ ಇರಬಹುದು, ನಾಲಿಗೆಗೆ ಗೊತ್ತಾಗುವುದಿಲ್ಲ ಅಷ್ಟೇ. ಟ್ರೋಕನ್ ಎಂದು ಬರೆಯಬೇಕಾದರೆ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಉಳಿದಿರಬಹುದು. ವೈನ್‌ನಲ್ಲಿ ಹುಳಿ, ಅಂದರೆ ಆಮ್ಲ, ಜಾಸ್ತಿ ಇದ್ದರೆ 9 ಗ್ರಾಂವರೆಗೂ ಬಿಡುತ್ತಾರೆ. ಆದರೆ ಆಗ ಸಕ್ಕರೆ ಹುಳಿಗಿಂತ 2 ಗ್ರಾಂ ಮೀರಿ ಹೆಚ್ಚಿರಬಾರದು. ಅಂದರೆ 8 ಗ್ರಾಂ ಸಕ್ಕರೆಗೆ 7 ಗ್ರಾಂ ಹುಳಿ ಇದ್ದರೆ ಅದು ಟ್ರೋಕನ್ನೇ. ರೀಸ್ಲಿಂಗ್‌ನಲ್ಲಿ ಹುಳಿಗೇನೂ ಬರವಿಲ್ಲ. ತಂಪು ಹವೆಯಲ್ಲಿ ನಿಧಾನವಾಗಿ ಮಾಗುವ ಹಣ್ಣು ಅದು.

ಸಿಹಿಯೆಂಬ ಹೆಸರು ಬಂದದ್ದು ಲೀಬ್‌ಫ್ರೌಮಿಲ್ಷ್‌ನಂಥ ಅಗ್ಗದ ಸಿಹಿ ವೈನ್‌ಗಳು ಹೊರದೇಶಕ್ಕೆ ರಾಶಿ ರಾಶಿ ಹೋಗುತ್ತಿದ್ದ ಕಾಲದಲ್ಲಿ. ಆ ಹೆಸರು ಇನ್ನೂ ಅಳಿಸಿಲ್ಲ.

ಅಂಗಡಿಯಲ್ಲಿ ಒಂದು ಎಚ್ಚರ ಇರಲಿ. ಬಾಟಲಿಯ ಮೇಲೆ ಕಾಬಿನೆಟ್, ಶ್ಪೇಟ್‌ಲೇಸೆ ಎಂದು ಬರೆದಿರುವುದು ಕೊಯ್ಲಿನ ಹೊತ್ತಿಗೆ ದ್ರಾಕ್ಷಿ ಎಷ್ಟು ಮಾಗಿತ್ತು ಎಂಬ ಲೆಕ್ಕ. ವೈನ್ ಸಿಹಿಯೋ ಅಲ್ಲವೋ ಅಂತ ಅದು ಹೇಳುವುದಿಲ್ಲ. ‘ಶ್ಪೇಟ್‌ಲೇಸೆ ಟ್ರೋಕನ್’ ಕೂಡ ಇರುತ್ತದೆ. ಗೊಂದಲವಾದರೆ ಆಲ್ಕೋಹಾಲ್ ಅಂಕಿ ನೋಡಿ. ರೀಸ್ಲಿಂಗ್‌ನಲ್ಲಿ 12 ಶೇಕಡಾ ಅಥವಾ ಜಾಸ್ತಿ ಇದ್ದರೆ ಸಕ್ಕರೆ ಬಹುಪಾಲು ಹುದುಗೆದ್ದು ಆಲ್ಕೋಹಾಲ್ ಆಗಿದೆ ಅಂತ ಸಾಮಾನ್ಯವಾಗಿ ನಂಬಬಹುದು. 8 ಶೇಕಡಾ ಇದ್ದರೆ ಅದು ಸಿಹಿಯದೇ.

ಇನ್ನು ಊಟ. ನಿಂಬೆಹಣ್ಣು ಹಿಂಡಿದರೆ ಯಾವ ಅಡುಗೆ ರುಚಿ ಏರುತ್ತದೋ, ಅದಕ್ಕೆ ಈ ವೈನ್ ಸರಿ. ಬೆಣ್ಣೆಯಲ್ಲಿ ಹುರಿದ ಟ್ರೌಟ್ ಮೀನು, ನಿಂಬೆ ಹೋಳಿಟ್ಟು ಕೊಡುವ ಶ್ನಿಟ್ಸೆಲ್ (ತೆಳ್ಳಗೆ ಬಡಿದು ಹುರಿದ ಮಾಂಸ), ಹಂದಿಮಾಂಸದ ಜೊತೆ ಬರುವ ಹುಳಿ ಕೋಸು, ಎಲ್ಲಕ್ಕೂ ನಡೆಯುತ್ತದೆ. ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ಮುಂದಿನ ತುತ್ತು ಮತ್ತೆ ಹೊಸದಾಗಿರುತ್ತದೆ.

ನೀವು ಸಸ್ಯಾಹಾರಿಯಾದರೆ ಫ್ರಾಂಕ್‌ಫರ್ಟಿನದೇ ಗ್ರ್ಯೂನೆ ಸೋಸೆ (ಹಸಿರು ಸಾಸ್) ಇದೆ. ಏಳು ಬಗೆಯ ಸೊಪ್ಪು ಹೆಚ್ಚಿ ಹುಳಿ ಕೆನೆಯಲ್ಲಿ ಕಲಸಿ, ಬೇಯಿಸಿದ ಆಲೂಗಡ್ಡೆ ಜೊತೆ ಕೊಡುತ್ತಾರೆ. ಮೊಟ್ಟೆ ತಿನ್ನುವವರಿಗೆ ಅದೂ ಇರುತ್ತದೆ. ಊರಿನವರು ಇದಕ್ಕೆ ಸೇಬಿನ ವೈನ್ ಕುಡಿಯುತ್ತಾರೆ. ಆದರೆ ಪಕ್ಕದ ರೈನ್‌ಗೌ ಪ್ರದೇಶದ ಟ್ರೋಕನ್ ರೀಸ್ಲಿಂಗ್ ನನಗೆ ಇನ್ನೂ ಇಷ್ಟ. ಏಪ್ರಿಲ್‌ನಿಂದ ಜೂನ್ 24ರವರೆಗೆ ಬಿಳಿ ಆಸ್ಪರಾಗಸ್ ಎಂಬ ತರಕಾರಿಯ ಕಾಲ. ಅದರ ಜೊತೆ ಮಾತ್ರ ನಾನು ರೀಸ್ಲಿಂಗ್ ಬಿಟ್ಟು ಫ್ರಾಂಕೆನ್ ಪ್ರದೇಶದ ಸಿಲ್ವಾನರ್ ಎಂಬ ಬಿಳಿ ವೈನ್ ತೆಗೆದುಕೊಳ್ಳುತ್ತೇನೆ. ಅದೂ ಟ್ರೋಕನ್ನೇ, ಹುಳಿ ಕಮ್ಮಿ. ಚಪ್ಪಟೆ ಬಾಟಲಿಯಲ್ಲಿ ಬರುತ್ತದೆ, ಕಪಾಟಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ.

ನಮ್ಮ ಅಡುಗೆಗೆ? ಹುಣಸೆಹಣ್ಣಿನ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ, ದ್ರಾಕ್ಷಿಯದೂ ಅದೇ. ಜೋಡಿ ಕೂಡಬೇಕಿತ್ತು ಅಲ್ವಾ? ಕೂಡುವುದಿಲ್ಲ. ತಟ್ಟೆಯ ಹುಳಿ ಲೋಟದ ಹುಳಿಗಿಂತ ಜೋರಾದರೆ ವೈನ್ ನೀರು ನೀರಾಗುತ್ತದೆ. ಸಾರು, ಗೊಜ್ಜು ಬಿಡಿ. ಖಾರದ ಮೀನುಸಾರೂ ಬೇಡ. ಆಲ್ಕೋಹಾಲ್ ಮತ್ತು ಹುಳಿ ಸೇರಿ ಮೆಣಸಿನಕಾಯಿಯ ಉರಿಯನ್ನು ಇನ್ನಷ್ಟು ಎಬ್ಬಿಸುತ್ತವೆ. ಖಾರ ಬಿಡಲಾಗದಿದ್ದರೆ ಸ್ವಲ್ಪ ಸಿಹಿ ಉಳಿದ, ಆಲ್ಕೋಹಾಲ್ ಕಡಿಮೆಯಿರುವ ಕಾಬಿನೆಟ್ ತನ್ನಿ. ಟ್ರೋಕನ್ ಬಾಟಲಿಯನ್ನು ಕಾಯಿಹಾಲಿನ ಸ್ಟ್ಯೂಗೋ, ಖಾರ ಕಮ್ಮಿ ಹಾಕಿದ ರವಾ ಫ್ರೈಗೋ ಇಟ್ಟುಕೊಳ್ಳಿ.

ಫ್ರಿಡ್ಜ್‌ನಿಂದ ತೆಗೆದ ತಕ್ಷಣ ಕುಡಿಯಬೇಡಿ, ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಹತ್ತು ನಿಮಿಷ ಹೊರಗಿಡಿ. ಸುಮಾರು 8ರಿಂದ 10 ಡಿಗ್ರಿ ಸಾಕು.