ಥೈರಾಯ್ಡ್‌ಗೆ ಆ ಪೆರಾಕ್ಸೈಡ್ ಬೇಕೇ ಬೇಕು

‘ಥೈರಾಯ್ಡ್ ಇದೆಯಾ? ಆಂಟಿಆಕ್ಸಿಡೆಂಟ್ ಮಾತ್ರೆ ತಗೊಳ್ಳಿ’ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಆಕ್ಸಿಡೇಶನ್ ಅಂದರೆ ವಿಷ, ಅದನ್ನು ಪೂರ್ತಿ ಅಡಗಿಸಿದರೆ ಕಾಯಿಲೆ ಹೋಯಿತು ಎಂಬ ನಂಬಿಕೆ ಇದರ ಹಿಂದಿದೆ. ಬೇರೆ ಅಂಗಗಳ ಮಾತು ಬಿಡಿ, ಥೈರಾಯ್ಡ್ ವಿಷಯದಲ್ಲಂತೂ ಇದು ತಪ್ಪು.

ಗಾಯಕ್ಕೆ ಹಾಕಿದರೆ ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಗೊತ್ತಲ್ವಾ? ಅದೂ ಆಕ್ಸಿಡೈಸ್ ಮಾಡುವ ವಸ್ತುವೇ. ಥೈರಾಯ್ಡ್ ಜೀವಕೋಶಗಳು ಅದನ್ನೇ ಬೇಕೆಂದು ತಯಾರಿಸುತ್ತವೆ. ಟಿಪಿಒ ಎಂಬ ಕಿಣ್ವ ಅದರ ಬಲದಿಂದಲೇ ಅಯೋಡಿನ್ ಅನ್ನು ಪ್ರೋಟೀನಿಗೆ ಜೋಡಿಸುತ್ತದೆ. ಹಾರ್ಮೋನ್ ಹುಟ್ಟುವುದೇ ಹೀಗೆ. ಪೆರಾಕ್ಸೈಡ್ ಮಾಡುವ ಕಿಣ್ವದಲ್ಲೇ ದೋಷವಿದ್ದರೆ ಮಗುವಿಗೆ ಹುಟ್ಟಿನಿಂದಲೇ ಹಾರ್ಮೋನ್ ಕೊರತೆ ಬರಬಹುದು. ಒಲೆ ಉರಿಯದೆ ಅಡುಗೆ ಆಗದು, ಉರಿ ಒಲೆ ದಾಟಬಾರದು ಅಷ್ಟೆ. ಮಿಕ್ಕ ಪೆರಾಕ್ಸೈಡನ್ನು ನೀರು ಮಾಡುವುದು ಸೆಲೆನಿಯಂ ಇರುವ ಕಿಣ್ವಗಳು. ಅದಕ್ಕೇ ತೂಕದ ಲೆಕ್ಕದಲ್ಲಿ ದೇಹದಲ್ಲೇ ಅತಿ ಹೆಚ್ಚು ಸೆಲೆನಿಯಂ ಇರುವುದು ಥೈರಾಯ್ಡ್‌ನಲ್ಲಿ.

1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ನಾಲ್ವರು ಹೆಂಗಸರ ಕಾಯಿಲೆಬಿದ್ದ ಥೈರಾಯ್ಡ್ ಗ್ರಂಥಿಗಳ ಬಗ್ಗೆ ಬರೆದರು. ಗ್ರಂಥಿಯ ತುಂಬ ಬಿಳಿ ರಕ್ತಕಣಗಳು! ದೇಹ ತನ್ನದೇ ಥೈರಾಯ್ಡ್ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಮಾಡುತ್ತಿದೆ ಎಂದು ತಿಳಿದದ್ದು 1956ರಲ್ಲಿ, ಲಂಡನ್ನಿನಲ್ಲಿ. ಮುಂದೆ ಟಿಪಿಒ ಕೂಡ ಈ ದಾಳಿಯ ಗುರಿ ಎಂದು ಗೊತ್ತಾಯಿತು. ಪೆರಾಕ್ಸೈಡ್ ಬಳಕೆಯಾಗುವ ಜಾಗಕ್ಕೇ ಉರಿಯೂತ ಬಂದು ಕೂತಂತಾಯಿತು. ಬಂದ ಕಣಗಳೂ ಆಕ್ಸಿಡೆಂಟ್‌ಗಳನ್ನು ಉಗುಳುತ್ತವೆ.

ಈ ಹಾನಿಯನ್ನು ಅಳೆಯಲು ಸಂಶೋಧಕರು ರಕ್ತದಲ್ಲಿ ಮ್ಯಾಲಾನ್‌ಡೈಆಲ್ಡಿಹೈಡ್ ಹುಡುಕುತ್ತಾರೆ. ಕೊಬ್ಬು ಆಕ್ಸಿಡೈಸ್ ಆದಾಗ ಉಳಿಯುವ ಚೂರು ಅದು. ಒಂದು ರಾಸಾಯನಿಕ ಬೆರೆಸಿ ಕಾಯಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಆದರೆ ಬೇರೆ ವಸ್ತುಗಳೂ ಅದೇ ಬಣ್ಣ ಕೊಡುತ್ತವೆ. ಸಿಗರೇಟು, ಸಕ್ಕರೆ ಕಾಯಿಲೆ ಇದ್ದರೂ ಅಳತೆ ಏರುತ್ತದೆ. ಹಾನಿ ಎಲ್ಲಿಯದು ಎಂದು ಅದು ಹೇಳುವುದಿಲ್ಲ. ಹಾಗಾಗಿ ಡಾಕ್ಟರು ಬರೆಯುವುದು ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಹೇಳುವ ಹಾರ್ಮೋನ್) ಮತ್ತು ಟಿಪಿಒ ಪ್ರತಿಕಾಯದ ಪರೀಕ್ಷೆ. ‘ಆಕ್ಸಿಡೇಟಿವ್ ಸ್ಟ್ರೆಸ್ ಪ್ಯಾಕೇಜ್’ ಎಂದು ದುಡ್ಡು ಕೊಟ್ಟು ಮಾಡಿಸಿದರೂ ಚಿಕಿತ್ಸೆ ಬದಲಾಗದು.

ಹಾಗಾದರೆ ಸೆಲೆನಿಯಂ ಮಾತ್ರೆ? 2002ರ ಜರ್ಮನ್ ಅಧ್ಯಯನವೊಂದರಲ್ಲಿ ದಿನಕ್ಕೆ 200 ಮೈಕ್ರೋಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ಪ್ರತಿಕಾಯ ಇಳಿಯಿತು. ಪ್ರತಿಕಾಯ ಇಳಿದರೆ ಗ್ರಂಥಿ ಸರಿಹೋಯಿತು ಎಂದಲ್ಲ. ಸೆಲೆನಿಯಂ ಜಾಸ್ತಿಯಾದರೆ ಕೂದಲು ಉದುರುತ್ತದೆ, ಉಗುರು ಕೆಡುತ್ತದೆ. ಅಯೋಡಿನ್ ಕೊರತೆಯೂ ಇದ್ದ ಉತ್ತರ ಝೈರ್‌ನಲ್ಲಿ, ಅಂದರೆ ಇಂದಿನ ಕಾಂಗೋದಲ್ಲಿ, ಬರೀ ಸೆಲೆನಿಯಂ ಕೊಟ್ಟು ನೋಡಿದ್ದರು. ಅಲ್ಲಿನವರ ರಕ್ತದಲ್ಲಿ ಮೊದಲೇ ಕಡಿಮೆಯಿದ್ದ ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಇನ್ನೂ ಕುಸಿಯಿತು.