ಮಲಗಿರುವ ಬೆಕ್ಕಿನಿಂದ ಶುರು ಮಾಡಿ

ಪ್ರಾಣಿಗಳ ಚಿತ್ರ ಬರೆಯುವವರು ನನ್ನ ಹತ್ತಿರ ಜಾಸ್ತಿ ಹೇಳಿಕೊಳ್ಳುವುದು ಒಂದೇ ಮಾತು: "ಕುಂಚ ಹಿಡಿದು ಕೂತರೆ ಏನೂ ಹೊಳೆಯುತ್ತಿಲ್ಲ." ನಾನು ತಿರುಗಿ ಕೇಳುತ್ತೇನೆ, ಒಂದು ಪ್ರಾಣಿಯನ್ನು ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತು ಎಷ್ಟು ದಿನ ಆಯ್ತು? ಹೆಚ್ಚಿನವರಿಗೆ ನೆನಪಿರುವುದಿಲ್ಲ. ಅವರು ನೋಡಿದ್ದೆಲ್ಲ ಫೋಟೋಗಳನ್ನು.

ನಾನೂ ಫೋಟೋ ಬಳಸುತ್ತೇನೆ. ಆದರೆ ಯಾವ ಕ್ಷಣ, ಯಾವ ಕೋನ ಅಂತ ಫೋಟೋ ತೆಗೆದವರು ಮೊದಲೇ ಆರಿಸಿಬಿಟ್ಟಿರುತ್ತಾರೆ. ನಮಗೆ ಉಳಿಯುವುದು ನಕಲು ಮಾಡುವ ಕೆಲಸ. ಅದು ಬೇಗ ಬೇಸರ ತರಿಸುತ್ತದೆ, ಅಲ್ವಾ? ಆ ಬೇಸರವನ್ನೇ ನಾವು ಸ್ಫೂರ್ತಿ ಬತ್ತಿಹೋಯಿತು ಅಂದುಕೊಳ್ಳುತ್ತೇವೆ.

ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಒಂದು ಮೊಲ ಬರೆದರು. ಅದರ ಕಣ್ಣಲ್ಲಿ ಕಿಟಕಿಯ ಬೆಳಕು ಕೂಡ ಕಾಣುತ್ತದೆ. ಅದೇ ಡ್ಯೂರರ್ 1515ರಲ್ಲಿ ಖಡ್ಗಮೃಗ ಬರೆದರು, ಕಣ್ಣಾರೆ ಕಾಣದೆ, ಬೇರೆಯವರ ವಿವರಣೆ ನಂಬಿ. ಚರ್ಮ ಕಬ್ಬಿಣದ ಕವಚದಂತಾಯಿತು, ಬೆನ್ನ ಮೇಲೂ ಒಂದು ಪುಟ್ಟ ಕೊಂಬು ಬಂತು. ಅದೂ ಬೆರಗಿನ ಚಿತ್ರವೇ. ಆದರೆ ಉಸಿರಾಡುತ್ತಿದೆ ಅನ್ನಿಸುವುದು ಮೊಲ.

ಹಾಗಾಗಿ ನೋಡುವುದರಿಂದ ಶುರು ಮಾಡಿ. ಮಲಗಿರುವ ಬೆಕ್ಕು ಸಾಕು. ಪೆನ್ಸಿಲ್, ಅಗ್ಗದ ಹಾಳೆ, ಒಂದೊಂದು ಚಿತ್ರಕ್ಕೆ 30 ಸೆಕೆಂಡು. ಮೊದಲು ಬೆನ್ನಿನ ಬಾಗು ಮಾತ್ರ. ಕಣ್ಣು, ಮೀಸೆ, ಕೂದಲು ಸದ್ಯಕ್ಕೆ ಬೇಡ. ಬೆಕ್ಕು ಮಗ್ಗುಲು ಬದಲಿಸಿತೇ? ಆ ಚಿತ್ರವನ್ನು ಅಲ್ಲಿಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಶುರು ಮಾಡಿ. ಎಷ್ಟೋ ಸಲ ಬೆಕ್ಕು ಹಳೆಯ ಭಂಗಿಗೇ ಮರಳುತ್ತದೆ, ಆಗ ಮುಂದುವರಿಸಬಹುದು. 20ರಲ್ಲಿ 18 ಕೆಡುತ್ತವೆ. ಕೆಡಲಿ.

ಕೈ ತಡವರಿಸುವುದಕ್ಕೆ ಇನ್ನೊಂದು ಕಾರಣ, ಚರ್ಮದ ಒಳಗೇನಿದೆ ಅಂತ ಗೊತ್ತಿಲ್ಲದಿರುವುದು. ನಾಯಿಯ ಹಿಂಗಾಲಲ್ಲಿ ಹಿಂದಕ್ಕೆ ಚಾಚಿದ ಕೀಲನ್ನು ನಾನು ತುಂಬಾ ದಿನ ಮಂಡಿ ಅಂದುಕೊಂಡಿದ್ದೆ. ಅದು ಹಿಮ್ಮಡಿ. ಮಂಡಿ ಇರುವುದು ಮೇಲೆ, ಹೊಟ್ಟೆಯ ಹತ್ತಿರ. ಇದು ತಿಳಿದ ದಿನವೇ ಕಾಲುಗಳು ಭಾರ ಹೊರತೊಡಗಿದವು.

ಒಮ್ಮೆ ತಿಂಗಳುಗಟ್ಟಲೆ ನನ್ನಿಂದ ಏನೂ ಬರೆಯಲಾಗಲಿಲ್ಲ. ದಿನಾ ಸಂಜೆ ಮನೆಯ ಮುದಿ ನಾಯಿಯ ಪಕ್ಕ ಕೂರುತ್ತಿದ್ದೆ. ಅದಕ್ಕೆ ಗಾಢ ನಿದ್ದೆ. ಬಾಗಿಲ ಸದ್ದಾದರೆ ಮೈ ಅಲುಗುತ್ತಿರಲಿಲ್ಲ, ಒಂದು ಕಿವಿ ಮಾತ್ರ ಅತ್ತ ತಿರುಗುತ್ತಿತ್ತು. ಮೂರು ವಾರ ಆ ಕಿವಿಯೊಂದನ್ನೇ ಬರೆದೆ. ನಾಲ್ಕನೇ ವಾರ ಬಣ್ಣ ಕಲಸಿದೆ.